ಕುರಿಯ ಲೆಕ್ಕ, ಈಶ್ವರನ ತಾಟು

ಗಂಗಾಂಬಿಕಾ ಬಾಯಿ ತೆರೆಯುವುದಕ್ಕಿಂತ ಮೊದಲು ಅವಳ ಮೂಗಿನಿಂದ ಒಂದು ‘ಹ್ಞಂ’ ಹೊರಡುತ್ತಿತ್ತು. ಅದು ತಂದೆಯಿಂದ ಬಂದ ಆಸ್ತಿ. ತಂದೆ ರಬಕವಿಯ ಸೀರೆ ಅಂಗಡಿಯೊಂದರಲ್ಲಿ, ನೇಕಾರರು ತಂದ ಸೀರೆಗಳನ್ನು ನೋಡಿ ಆರಿಸುವ ಕೆಲಸದಲ್ಲಿದ್ದರು. ದಡಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ‘ಹ್ಞಂ’ ಎಂದರೆಂದರೆ ಆ ಸೀರೆ ಮರಳಿ ಗಂಟು ಸೇರಿತೆಂದೇ ತಿಳಿಯಬೇಕು. ತಂದೆ ತೀರಿಕೊಂಡ ಮೇಲೆ ಮನೆ ಗಂಡುಮಕ್ಕಳಿಗೆ ಹೋಯಿತು, ಶಬ್ದ ಮಗಳಿಗೆ ಉಳಿಯಿತು. ಮಗಳು ಅದನ್ನು ಚೆನ್ನಾಗಿ ಬೆಳೆಸಿಕೊಂಡಳು.

ಜಮಖಂಡಿಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಅವಳು ಮಹಾಲಿಂಗಪುರದ ಬೆಲ್ಲದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದ್ದಳು. ಬಹಳ ವರ್ಷ ಅಲ್ಲಿಯೇ ಇದ್ದಳು. ಒಂದು ದಿನ ಮಾಲೀಕರ ಅಳಿಯ ಒಂದು ಕಂಪ್ಯೂಟರ್ ತಂದಿಟ್ಟು, “ಅಕ್ಕಾರ, ಇನ್ನ ಮ್ಯಾಲೆ ನಿಮ್ಮ ಕೆಲಸಾ ಎಲ್ಲಾ ಇದ ಮಾಡತೈತಿ” ಎಂದ. ಗಂಗಾಂಬಿಕಾ ಅವನನ್ನೂ ನೋಡಿದಳು, ಕಂಪ್ಯೂಟರನ್ನೂ ನೋಡಿದಳು. ಒಂದು ‘ಹ್ಞಂ’ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಳು. ಒಂದು ವಾರದಲ್ಲಿ ಅದೇ ಲೆಕ್ಕದ ಸಾಫ್ಟ್‌ವೇರನ್ನು ಕಲಿತಳು. ಆರು ತಿಂಗಳಿಗೆ ಅಳಿಯನೇ ಅವಳ ಮನೆಯ ಬಾಗಿಲಿಗೆ ಬಂದು ನಿಂತ. ಅವನ ಕಂಪ್ಯೂಟರಿನಲ್ಲಿ ಹಮಾಲರ ಕೂಲಿ ಮನೆಬಾಡಿಗೆಯಲ್ಲಿ ಸೇರಿಕೊಂಡಿತ್ತು, ಮನೆಬಾಡಿಗೆ ಗೋಣಿಚೀಲದಲ್ಲಿ ಸೇರಿಕೊಂಡಿತ್ತು. ಗಂಗಾಂಬಿಕಾ ಚಹಾ ಕೊಟ್ಟಳು, ಮರಳಿ ಕೆಲಸಕ್ಕೆ ಹೋಗಲಿಲ್ಲ.

ಅಂದಿನಿಂದ ಅವಳದು ಒಂದೇ ಕಸುಬು: ಇನ್ನೊಬ್ಬರು ತಪ್ಪು ಖಾತೆಗೆ ಹಾಕಿದ ಖರ್ಚನ್ನು ಸರಿಯಾದ ಖಾತೆಗೆ ಹಾಕುವುದು. ಮುಧೋಳದ ಮನೆಯಿಂದ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಬೀಳಗಿಯ ಗೊಬ್ಬರದ ಅಂಗಡಿ, ಬನಹಟ್ಟಿಯ ಪವರ್‌ಲೂಮ್ ಶೆಡ್ಡು, ಲೋಕಾಪುರದ ಲಾರಿ ಆಫೀಸು, ಎಲ್ಲ ಕಡೆಯೂ ಅವಳನ್ನು ಕರೆಯುತ್ತಿದ್ದರು, ಎಲ್ಲ ಕಡೆಯೂ ಅವಳು ಬರುತ್ತಾಳೆಂದರೆ ಅಂಜುತ್ತಿದ್ದರು. ಅವಳ ‘ಹ್ಞಂ’ಗೆ ಅಂಜದವರೆಂದರೆ ಗಂಡ ಸೋಮಲಿಂಗ ಒಬ್ಬರೇ. ಅವರ ಕಿವಿ ಸ್ವಲ್ಪ ಮಂದ.

ಅವಳಿಗೊಂದು ಕಟ್ಟಳೆಯಿತ್ತು. ಖರ್ಚು ಯಾತರದೆಂದು ರೊಕ್ಕ ಕೊಟ್ಟವನನ್ನು ಕೇಳಿ ಅವಳು ಎಂದೂ ತಿದ್ದುತ್ತಿರಲಿಲ್ಲ. ತೆಗೆದುಕೊಂಡವನನ್ನು ಕೇಳುತ್ತಿದ್ದಳು. “ಕೊಟ್ಟಾವ ಮರೀತಾನ, ಇಲ್ಲಾ ಮುಚ್ಚತಾನ. ತಗೊಂಡಾವಗ ಯಾಕ ತಗೊಂಡೆ ಅನ್ನೂದು ನೆನಪಿರತೈತಿ” ಎನ್ನುತ್ತಿದ್ದಳು. ಇದಕ್ಕಾಗಿ ಅವಳು ಬಿಸಿಲಲ್ಲಿ ಅಲೆದದ್ದುಂಟು, ಲಾರಿಯ ಕ್ಲೀನರನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಾದು ಹಿಡಿದದ್ದುಂಟು.

ಮಾಘದ ಒಂದು ಬೆಳಿಗ್ಗೆ ಈಶ್ವರನ ಫೋನು ಬಂತು. ಮುಧೋಳದಿಂದ ಲೋಕಾಪುರದ ದಾರಿಯಲ್ಲಿ ಅವನ ಹೊಲ, ಹೊಲದಲ್ಲಿಯೇ ಬೆಲ್ಲದ ಘಟಕ. ಔಷಧ ಹಾಕದ ಬೆಲ್ಲ ಎಂದು ಚಿಕ್ಕ ಚಿಕ್ಕ ಅಚ್ಚು ಮಾಡಿ, ಪೊಟ್ಟಣ ಕಟ್ಟಿ ಪುಣೆಯವರೆಗೆ ಕಳಿಸುತ್ತಿದ್ದ. ನಲವತ್ತು ದಾಟಿದ ಗಂಡಸು. ಫೋನಿನಲ್ಲಿ ಅವನ ದನಿ ಸಾಲೆಯಿಂದ ಹೊರಗೆ ನಿಲ್ಲಿಸಿದ ಹುಡುಗನ ದನಿಯಂತಿತ್ತು.

“ಅಕ್ಕಾರ, ಇವತ್ತ ಬರಾಕ ಆಗತೈತೇನ್ರಿ? ಭಾಳ ಅರ್ಜೆಂಟ್ ಐತ್ರಿ.”

“ನೋಟೀಸ್ ಬಂದೈತೇನು?”

“ನೋಟೀಸಿಗೆ ನಾ ಅಂಜಾಂವ ಅಲ್ರಿ. ನಮ್ಮವ್ವನ ಕೈಯಾಗ ಸಿಕ್ಕೇನಿ.”

ಅವಳು ಹೋದಾಗ ಹೊತ್ತು ಏರಿತ್ತು. ಈಶ್ವರ ಪಡಸಾಲೆಯಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ, ತಾಟು ಮುಂದಿಟ್ಟುಕೊಂಡು ಕುಳಿತಿದ್ದ. ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ. ಎದುರಿಗೆ ಆಳುಮಕ್ಕಳದೊಂದು ಕೋಳಿ ನಿಂತು ಅವನನ್ನೇ ನೋಡುತ್ತಿತ್ತು.

“ಹೊರಗ ಕುಂತ ಉಣ್ಣಾಕತ್ತಾನ ಅಂತ ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ.”

“ನಾ ಇನ್ನೂ ಏನೂ ತಿಳ್ಕೊಂಡಿಲ್ಲ. ಮೊದಲ ಏನಾಗೇತಿ ಹೇಳ್ರಿ.”

“ಅವ ಏನ ಹೇಳತಾನ? ನಾ ಹೇಳತೇನಿ, ಒಳಗ ಬಾರವ್ವಾ ಗಂಗಾಂಬಿಕಾ.” ಅಡುಗೆಮನೆಯ ಬಾಗಿಲಲ್ಲಿ ಗುರುಬಸವ್ವ ನಿಂತಿದ್ದಳು. ಈಶ್ವರನ ತಾಯಿ. ಹೊಲವೆಲ್ಲ ಅವಳ ಹೆಸರಿನಲ್ಲಿ, ಘಟಕ ತಾಯಿ-ಮಗ ಇಬ್ಬರ ಪಾಲಿನಲ್ಲಿ. ಏಳನೆಯ ತರಗತಿಯ ಮುಲ್ಕಿಯವರೆಗೆ ಓದಿದವಳು, ಸಹಿ ಹಾಕುವ ಮುನ್ನ ಕಾಗದವನ್ನು ಪೂರ್ತಿ ಓದುವವಳು. ಹೊಸ ಕೊಪ್ಪರಿಗೆಗೆ ಬ್ಯಾಂಕಿನಲ್ಲಿ ಸಾಲ ಕೇಳಿದ್ದರು, ಬ್ಯಾಂಕಿನವರು ಖರ್ಚಿನ ಪಟ್ಟಿ ಕೇಳಿದ್ದರು. ಆ ಪಟ್ಟಿಗೆ ಸಹಿ ಹಾಕಲು ಕುಳಿತಾಗ ಮುದುಕಿ ಅದನ್ನು ಓದಿಬಿಟ್ಟಿದ್ದಳು.

ಅವಳು ಕಾಗದವನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ತಂದಳು, ಮುಟ್ಟಬಾರದ್ದನ್ನು ಮುಟ್ಟಿದ ಹಾಗೆ.

“ಓದು. ಗಟ್ಟಿಯಾಗಿ ಓದು. ಅಂವಗೂ ಕೇಳಲಿ.”

ಗಂಗಾಂಬಿಕಾ ಓದಿದಳು: “ಮಟನ್, ಎಪ್ಪತ್ನಾಲ್ಕು ಸಾವಿರದ ಏಳುನೂರು ರೂಪಾಯಿ.”

“ಕೇಳಿದ್ಯಾ? ನಮ್ಮ ಮನಿಯೊಳಗ ಸೋಮವಾರ ಉಳ್ಳಾಗಡ್ಡಿ ಸೈತ ಹೆಚ್ಚಂಗಿಲ್ಲ. ಈ ಮಗಾ ಅರ್ಧಾ ವರ್ಷದಾಗ ಮುಕ್ಕಾಲ ಲಕ್ಷದ್ದು ತಿಂದಾನ. ನಮ್ಮ ಹೊಲದ ರೊಕ್ಕ!”

“ಅವ್ವಾ, ಮುಕ್ಕಾಲ ಲಕ್ಷದ್ದು ತಿಂದ್ರ ನಾ ಹಿಂಗ ಇರತಿದ್ನೇನು? ನನ್ನ ಮೈ ನೋಡು!” ಈಶ್ವರ ಪಡಸಾಲೆಯಿಂದ ಕೂಗಿದ. “ಅದು ಕುರಿ ನಿಲ್ಲಿಸಿದ್ದು. ಗೊಬ್ಬರಕ್ಕ. ನೀನ ನೋಡಿದ್ಯಲ್ಲ, ಗಿರಮಲ್ಲಪ್ಪನ ಕುರಿ ಹೊಲದಾಗ ನಿಂತಿದ್ದು?”

“ಕುರಿ ನಿಂತಿದ್ದ ನೋಡೇನಿ. ನಿಂತ ಕುರಿ ಎಲ್ಲಾ ಎದ್ದ ಹೋದುವೇನು ಅಂತ ಎಣಿಸಿಲ್ಲ.”

ಸೊಸೆ ಪ್ರೀತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಯ ಕತ್ತಲಿಗೆ ಸರಿದಳು.

ಈ ಕಡೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕುರುಬರು ತಮ್ಮ ಹಿಂಡನ್ನು ತಂದು ಬಲೆ ಕಟ್ಟಿ ರಾತ್ರಿ ಹೊಲದಲ್ಲಿಯೇ ಮಲಗಿಸುತ್ತಾರೆ. ಅವುಗಳ ಹಿಕ್ಕೆಯೂ ಗಂಜಲವೂ ಮಣ್ಣಿಗೆ ಸೇರುತ್ತವೆ. ರಾತ್ರಿಗಿಷ್ಟು ಎಂದು ಹೊಲದವರು ರೊಕ್ಕ ಕೊಡುತ್ತಾರೆ. ಗುರುಬಸವ್ವನ ಗಂಡನೂ ನಿಲ್ಲಿಸುತ್ತಿದ್ದ, ಮಾವನೂ ನಿಲ್ಲಿಸುತ್ತಿದ್ದ. ಆದರೆ ಈಗ ಅಚ್ಚಾದ ಕಾಗದದ ಮೇಲೆ ‘ಮಟನ್’ ಎಂದಿತ್ತು. ಮಗನ ಮಾತಿಗಿಂತ ಅಚ್ಚಿನ ಅಕ್ಷರ ದೊಡ್ಡದಾಯಿತು. ಮಗನ ತಾಟು ಅಡುಗೆಮನೆಯಿಂದ ಪಡಸಾಲೆಗೆ ಬಂತು. ಗಿರಮಲ್ಲಪ್ಪ ತಮ್ಮ ಹೊಲದ ಬದುವಿಗೂ ಬರಬಾರದೆಂದು ಅಪ್ಪಣೆಯಾಯಿತು. ಕೆಳಗಿನ ಹೊಲ ಕುರಿಯಿಲ್ಲದೆ ಹಾಗೆಯೇ ಬಿದ್ದಿತ್ತು.

“ಅಕ್ಕಾರ,” ಈಶ್ವರ ದನಿ ತಗ್ಗಿಸಿ ಹೇಳಿದ, “ಮಂದಿ ನಗತಾರ, ಅದಿರಲಿ. ಇಲ್ಲಿಗೆ ಬರೂದರಾಗ ರೊಟ್ಟಿ ಆರಿ ಹಪ್ಪಳ ಆಗಿರತೈತ್ರಿ. ಒಲಿ ಮುಂದ ಕುಂತ ಬಿಸಿ ರೊಟ್ಟಿ ತಿಂದ ಬೆಳದಾಂವ ನಾ. ಹ್ಯಾಂಗರ ಮಾಡಿ ನನ್ನ ಒಳಗ ಹಾಕ್ರಿ.”

ಗಂಗಾಂಬಿಕಾ ಅವನ ಲ್ಯಾಪ್‌ಟಾಪನ್ನು ಬೆಲ್ಲದ ಡಬ್ಬಿಗಳ ಮೇಲೆ ಇಟ್ಟುಕೊಂಡು ತೆರೆದಳು. ಖಾತೆಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಹೋದಂತೆ ಅವಳ ಮೂಗು ಒಂದೇ ಸಮನೆ ಕೆಲಸ ಮಾಡತೊಡಗಿತು.

ಬೆಲ್ಲದ ಪಾಕದ ಕೊಳೆ ತೆಗೆಯಲು ಬೆಂಡೆಯ ಗಿಡದ ರಸ ಹಾಕುತ್ತಾರೆ. ಆ ಗಿಡ ಮಾರಿದ ಧರೆಪ್ಪನ ಹೆಸರು ‘ತರಕಾರಿ, ಪಲ್ಯ’ ಎಂಬಲ್ಲಿ ಇತ್ತು. ಪಾಕಕ್ಕೆ ಹಾಕುವ ಸುಣ್ಣ ‘ಎಲೆ-ಅಡಿಕೆ’ ಎಂಬಲ್ಲಿ ಇತ್ತು. ನೊರೆ ಉಕ್ಕದಂತೆ ಬಿಡುವ ಎಣ್ಣೆ ‘ಒಗ್ಗರಣೆ’ಯಲ್ಲಿತ್ತು. ಕೊಪ್ಪರಿಗೆ ತಿಕ್ಕಿದ ಆಳುಗಳ ಕೂಲಿ ‘ಮುಸುರೆ ಕೆಲಸ’ದಲ್ಲಿತ್ತು. ಅದರ ಕೆಳಗೆ, ಅದೇ ‘ಮುಸುರೆ ಕೆಲಸ’ದಲ್ಲಿ, ಇನ್ನೊಂದು ಹೆಸರು: ಗಂಗಾಂಬಿಕಾ. ಹಿಂದೊಮ್ಮೆ ಇಲ್ಲಿಗೆ ಬಂದು ಹೋದ ವರ್ಷದ ತೆರಿಗೆಯ ಲೆಕ್ಕ ಸರಿಮಾಡಿ ಹೋದದ್ದಕ್ಕೆ ಅವರು ಕೊಟ್ಟ ರೊಕ್ಕ.

ಅವಳು ಬಹಳ ಹೊತ್ತು ಆ ಸಾಲನ್ನು ನೋಡಿದಳು. ಬಿ.ಕಾಂ. ಎರಡನೆಯ ದರ್ಜೆ. ಮುಸುರೆ.

“ಈ ಪಟ್ಟಿ ಯಾರ ಮಾಡಿದ್ದು?”

“ಜಮಖಂಡಿ ಗೌರೀಶ ಅಂತ್ರಿ. ಸಾಫ್ಟ್‌ವೇರ್ ಮಾರಾಕ ಬಂದಿದ್ದ. ಭಾಳ ಶಾಣ್ಯಾ ಹುಡುಗ.”

“ಅವನ ನಂಬರ್ ಹಚ್ಚ್ರಿ.”

ಗೌರೀಶ ಎರಡನೆಯ ಗಂಟೆಗೇ ಎತ್ತಿಕೊಂಡ. ಹಿಂದೆ ಹಾಡು ಕೇಳುತ್ತಿತ್ತು.

“ತಮ್ಮಾ, ನಾ ಗಂಗಾಂಬಿಕಾ, ಮುಧೋಳ. ಈ ಬೆಲ್ಲದ ಘಟಕದ ಖಾತಿ ಪಟ್ಟಿ ನೀ ಎಲ್ಲಿಂದ ತಂದಿ?”

“ಮೇಡಂ, ಅದು ರೆಡಿ ಟೆಂಪ್ಲೇಟ್ ರೀ. ಭಾಳ ಛಲೋ ಐತಿ.”

“ಯಾರಿಗೆ ಮಾಡಿದ್ದು?”

“ಒಂದ ಖಾನಾವಳಿಗೆ ಮಾಡಿದ್ನಿರಿ. ಅದನ್ನ ಕಾಪಿ ಹೊಡದೇನಿ. ಖರ್ಚು ಖರ್ಚ ಅಲ್ಲೇನ್ರಿ ಮೇಡಂ?”

“ಹ್ಞಂ. ಅಂದ್ರ ಈ ಮನಿಯವರು ಅರ್ಧಾ ವರ್ಷದಿಂದ ಖಾನಾವಳಿ ನಡಸಾಕತ್ತಾರು, ಅವರಿಗೆ ಗೊತ್ತಿಲ್ಲ. ನೀ ಕಬ್ಬಿನ ಗದ್ದಿ ನೋಡೀಯೇನು?”

“ಬಸ್ಸಿನ್ಯಾಗ ಹೋಗುವಾಗ ನೋಡೇನ್ರಿ.”

“ಇಳದ ನೋಡು ಒಮ್ಮೆ. ಕುರಿ ನಿಲ್ಲಿಸಿದ್ದನ್ನ ಮಟನ್ ಅಂತ ಬರದೀಯಲ್ಲ, ನಿಮ್ಮ ಊರಾಗ ಗೊಬ್ಬರಾ ತಿಂತಾರೇನು?”

ಹುಡುಗ ಈಗ ಹಾಡು ನಿಲ್ಲಿಸಿದ. “ಮೇಡಂ, ಹಂಗ ಬೈಬ್ಯಾಡ್ರಿ. ನಾನಾಗೆ ಹಾಕಿಲ್ಲ. ಮೊದಲನೇ ಎಂಟ್ರಿ ಬಂದಾಗ ಫೋನ್ ಮಾಡಿ ಕೇಳೇನಿ. ‘ಗಿರಮಲ್ಲಪ್ಪಗ ಕೊಟ್ಟದ್ದು ಯಾತರದ್ರಿ’ ಅಂದೆ. ಈಶ್ವರ ಸರ ‘ಮಟನ್’ ಅಂದ್ರು, ಹಾಕಿದೆ. ಒಬ್ಬರಿಗೆ ಒಮ್ಮೆ ಒಂದ ಖಾತಿ ತೋರಿಸಿದ್ರ, ಮುಂದಿಂದೆಲ್ಲಾ ಸಾಫ್ಟ್‌ವೇರ್ ತಾನ ಅಲ್ಲೇ ಹಾಕತೈತಿ. ಅದು ಅದರ ಶಾಣೇತನ ರೀ.”

ಗಂಗಾಂಬಿಕಾ ಫೋನು ಇಟ್ಟಳು. ಈಶ್ವರ ಅಷ್ಟರಲ್ಲಿ ಕೋಳಿಯನ್ನು ಅಟ್ಟುವ ನೆಪದಲ್ಲಿ ಅಂಗಳಕ್ಕೆ ಇಳಿದಿದ್ದ.

ಅವಳಿಗೆ ಆ ಹುಡುಗನ ಮೇಲೆ ಇದ್ದ ತಿರಸ್ಕಾರ ಕಡಿಮೆಯಾಗಲಿಲ್ಲ. ಖಾನಾವಳಿಯ ಪಟ್ಟಿಯನ್ನು ಬೆಲ್ಲಕ್ಕೆ ಅಂಟಿಸಿದವನು ಸುಳ್ಳು ಹೇಳದಿದ್ದರೂ ಅವಿವೇಕಿಯೇ. ಆದರೆ ಹೊಸದೊಂದು ತಿರಸ್ಕಾರಕ್ಕೆ ಈಗ ಜಾಗ ಮಾಡಬೇಕಾಗಿತ್ತು. ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಗಿರಮಲ್ಲಪ್ಪನ ಹೆಸರಿಗೆ ಹನ್ನೆರಡು ಸಲ ರೊಕ್ಕ ಹೋಗಿತ್ತು. ಪ್ರತಿ ಸಲವೂ ಫೋನಿನಲ್ಲಿ ಕಳಿಸುವಾಗ ಈಶ್ವರ ‘ಕುರಿ’ ಎಂದಷ್ಟೇ ಬರೆದಿದ್ದ. ಹನ್ನೊಂದು ಸಲ ಒಂದೇ ಮೊತ್ತ, ಆರು ಸಾವಿರದ ಐನೂರು. ಎಲ್ಲವೂ ದೀಪಾವಳಿಯ ನಂತರದವು. ಒಂದು ಮಾತ್ರ ಮೂರು ಸಾವಿರದ ಇನ್ನೂರು. ಅದೇ ಮೊದಲನೆಯದು, ಶ್ರಾವಣ ಮುಗಿದ ಮರುದಿನದ್ದು.

ಹನ್ನೆರಡನ್ನೂ ಒಟ್ಟಿಗೆ ಹಿಡಿದು ಗೊಬ್ಬರದ ಖಾತೆಗೆ ನೂಕಿದ್ದರೆ ಕೆಲಸ ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ಬೇರೆ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಗಂಗಾಂಬಿಕಾ ಸೆರಗನ್ನು ತಲೆಯ ಮೇಲೆ ಹಾಕಿಕೊಂಡು ಎದ್ದಳು.

“ಎಲ್ಲಿಗ್ರಿ?” ಎಂದ ಈಶ್ವರ.

“ಗಿರಮಲ್ಲಪ್ಪನ ಕಡೆ.”

“ನಾನೂ ಬರತೇನ್ರಿ, ಗಾಡಿ ಮ್ಯಾಲೆ...”

“ನೀವ ಕೋಳಿ ಕಾಯ್ರಿ.”

ಗಿರಮಲ್ಲಪ್ಪನ ಹಟ್ಟಿ ಪಕ್ಕದ ಹೊಲಕ್ಕೆ ಹೋಗಿತ್ತು. ಹಿಂಡು ಮೇಯಲು ಹೋಗಿರಲಿಲ್ಲ. ಬಲೆಯ ಒಳಗೆ ಮರಿಗಳು ಒದರುತ್ತಿದ್ದವು. ಅವನು ಕಂಬಳಿಯ ಮೇಲೆ ಕುಳಿತು ಕುರಿಯೊಂದರ ಗೊರಸು ಕೆರೆಯುತ್ತಿದ್ದ. ಹೆಂಡತಿ ತಂಗೆವ್ವ ಮೂರು ಕಲ್ಲಿನ ಒಲೆಯ ಮೇಲೆ ಚಹಾ ಇಟ್ಟಿದ್ದಳು. ಬಂದವಳು ಯಾರು, ಏಕೆ ಬಂದಳು ಎಂಬುದನ್ನು ಕೇಳಿಕೊಂಡು ಗಿರಮಲ್ಲಪ್ಪ ಗೊರಸನ್ನು ಬಿಡದೆಯೇ ನಕ್ಕ.

“ಲೆಕ್ಕದಾಗ ನಾ ಮಟನ್ ಮಾರೂ ಖಾಟೀಕ ಆಗೇನೇನ್ರಿ? ಆಗಲಿ. ಆ ಗುರುಬಸವ್ವ ಆಯಿ ಬದುವಿನ್ಯಾಗ ನಿಂತ ನನಗ ಏನಂದ್ಲು ಗೊತ್ತೇನ್ರಿ? ‘ನಿನ್ನ ಕುರಿ ನೆಳ್ಳ ಸೈತ ನಮ್ಮ ಹೊಲಕ್ಕ ಬೀಳಬಾರ್ದು’ ಅಂತ. ಅವರ ಮಾವನ ಕಾಲದಿಂದ ನಮ್ಮ ಕುರಿ ಅಲ್ಲಿ ಮಲಗ್ಯಾವು. ಹಿಕ್ಕಿ ಬೇಕು, ಕುರಿ ಬ್ಯಾಡ. ಬೆಲ್ಲಾ ಸಿಹಿ ಆಗೂದು ಯಾತಕ್ಕ ಅಂತ ತಿಳದಾರ ಅವರು?”

“ಅವರ ತಿಳದಿದ್ದ ಬಿಡು. ಹನ್ನೆರಡ ಸಲ ರೊಕ್ಕಾ ಬಂದೈತಿ ನಿನಗ. ಯಾವ್ಯಾವ ಸಲ ಯಾತಕ್ಕ, ಹೇಳು.”

ಅವನು ಹೊಲದ ಹೆಸರು ಹಿಡಿದು ಹೇಳಿದ. ಹುಣಸಿಮರದ ಹೊಲ, ಬಾವಿ ಹೊಲ, ಮೇಲಿನ ಪಟ್ಟಿ, ಹೀಗೆ. ವಾರಕ್ಕೊಮ್ಮೆ ರೊಕ್ಕ, ವಾರಕ್ಕೊಮ್ಮೆ ಎರಡು ಚಿಟ್ಟಿ ಅಳತೆ ಜೋಳ. ಹನ್ನೊಂದು ವಾರ ಸರಿಹೋಯಿತು.

“ಮೊದಲ ಒಂದ ಉಳೀತು. ಮೂರ ಸಾವಿರದ ಇನ್ನೂರು.”

ಗಿರಮಲ್ಲಪ್ಪ ಕುರಿಯ ಇನ್ನೊಂದು ಕಾಲು ಎತ್ತಿಕೊಂಡ. “ಅದನ್ನ ಸಾವಕಾರ್ರನ್ನ ಕೇಳ್ರಿ.”

“ನಾ ಕೊಟ್ಟಾವರನ್ನ ಕೇಳಾಂಗಿಲ್ಲ.”

“ಹಂಗಾರ ಯಾರನ್ನೂ ಕೇಳಬ್ಯಾಡ್ರಿ.”

ತಂಗೆವ್ವ ಒಲೆಯ ಹೊಗೆಯಲ್ಲಿ ಮುಖ ತಿರುವಿಕೊಂಡು ಕಿಸಕ್ಕನೆ ನಕ್ಕಳು. “ಶ್ರಾವಣ ಮುಗದ ಮರುದಿನಾ ಯಾತಕ್ಕ ರೊಕ್ಕಾ ಕೊಡತಾರ್ರಿ ಅಕ್ಕಾರ, ಮಂದಿ...”

“ಸುಮ್ನ ಇರ ಬೇ!”

“ನಾ ಏನರೆ ಅಂದ್ನ್ಯಾ? ಚಹಾ ಆತು ಅಂದೆ.”

ಗಂಗಾಂಬಿಕಾ ಚಹಾ ಕುಡಿದಳು. ಹಾಲು ಕುರಿಯದೋ ಏನೋ, ಗಟ್ಟಿಯಾಗಿತ್ತು. ಗಿರಮಲ್ಲಪ್ಪ ಆ ಒಂದು ರೊಕ್ಕದ ಮಾತನ್ನು ಮತ್ತೆ ಎತ್ತಲಿಲ್ಲ. ಹೊರಡುವಾಗ ಮಾತ್ರ, “ಸೋಮವಾರ ನಾವು ಬೀಳಗಿ ಕಡೆ ಹೊಂಡತೇವ್ರಿ, ಹಿನ್ನೀರ ಇಳದೈತಿ, ಹುಲ್ಲ ಚಿಗತೈತಿ. ಕರೆಯೂದಿದ್ರ ಅಷ್ಟರಾಗ ಕರೀರಿ ಅನ್ರಿ. ಆಮ್ಯಾಲೆ ಅವರ ಹೊಲಾ, ಅವರ ಆಯಿ” ಎಂದ. ದಾರಿಯುದ್ದಕ್ಕೂ ಅವಳಿಗೆ ಸಿಟ್ಟು ಬರುತ್ತಿತ್ತು. ಬದುವಿನಲ್ಲಿ ನಿಲ್ಲಿಸಿ ಬೈಸಿಕೊಂಡವನು ಬೈದವರ ಮಗನ ಗುಟ್ಟು ಕಾಯುತ್ತಿದ್ದ. ಆ ಮಗ ನೆರಳಲ್ಲಿ ಕುಳಿತು ರೊಟ್ಟಿ ಆರಿತೆಂದು ಅಳುತ್ತಿದ್ದ.

ಈಶ್ವರ ಗಾಣದ ಹತ್ತಿರ ಕಾಯುತ್ತಿದ್ದ. ಆ ದಿನ ಒಲೆ ಹಚ್ಚಿರಲಿಲ್ಲ. ಖಾಲಿ ಕೊಪ್ಪರಿಗೆಯ ಅಂಚಿಗೆ ಕೈಯೂರಿ ನಿಂತಿದ್ದ.

“ಹನ್ನೊಂದು ಗೊಬ್ಬರ,” ಎಂದಳು ಅವಳು. “ಒಂದಲ್ಲ.”

“ಅದು... ಆಳಮಕ್ಕಳ ಊಟದ್ದು ಅಕ್ಕಾರ. ಗಾಣಾ ಶುರು ಮಾಡುವಾಗ ಅವರಿಗೆ ಬಾಡಿನ ಊಟಾ ಹಾಕಬೇಕಾಗತೈತ್ರಿ. ಇಲ್ಲಂದ್ರ ಅವರು ಒಲಿ ಹಚ್ಚಂಗಿಲ್ಲ. ಪದ್ಧತಿ ಐತಿ.”

“ಪದ್ಧತಿ ಖರೆ. ಆಳಿನ ಊಟಾ ಅಂದ್ರ ಘಟಕದ ಖರ್ಚು, ಬರೀಬಹುದು. ನಿಮ್ಮ ಗಾಣಾ ಶುರುವಾಗಿದ್ದು ಯಾವಾಗ?”

“ದೀಪಾವಳಿಗೆ...”

“ಮಟನ್ ತಂದಿದ್ದು ಶ್ರಾವಣದ ಮರುದಿನ. ಆಳಮಕ್ಕಳು ಎರಡ ತಿಂಗಳ ಮೊದಲ ಉಂಡ, ಆಮ್ಯಾಲೆ ಬಂದ್ರೇನು?”

ಈಶ್ವರ ಕೊಪ್ಪರಿಗೆಯ ಒಳಗೆ ನೋಡಿದ. ಒಳಗೆ ಒಂದು ಒಣಗಿದ ಎಲೆ ಬಿಟ್ಟರೆ ಏನೂ ಇರಲಿಲ್ಲ.

“ಬೀಳಗಿಯಿಂದ ಗೆಳೆಯಾರ ಬಂದಿದ್ರು ಅಕ್ಕಾರ. ಕೂಡಿ ಸಾಲಿ ಕಲತಾರು. ಬಾವಿ ಹೊಲದಾಗ ಮಾಡಿದ್ರು. ಬ್ಯಾಡ ಅಂದೆ.”

“ಬ್ಯಾಡ ಅಂದಾವ ರೊಕ್ಕಾ ಯಾಕ ಕೊಟ್ಟಿ?”

“ರುಚಿ ನೋಡಿದೆ ಅಷ್ಟ.”

“ರುಚಿ ನೋಡಿದ್ಯೋ, ತಿಂದ್ಯೋ?”

“ತಿಂದೇನ್ರಿ,” ಎಂದ ಅವನು. ಆಮೇಲೆ ದಡಬಡಿಸಿ, “ಆದ್ರ ಅಕ್ಕಾರ, ಅದೂ ಕುರೀದ ಅಲ್ಲೇನ್ರಿ? ಗಿರಮಲ್ಲಪ್ಪಂದ ಅಲ್ಲೇನ್ರಿ? ಹನ್ನೊಂದರ ಜೋಡಿ ಅದನ್ನೂ ಗೊಬ್ಬರದಾಗ ಸೇರಿಸಿ ಬಿಡ್ರಲಾ. ಮೂರ ಸಾವಿರಕ್ಕ ಯಾವ ಸರಕಾರ ಬಂದ ಕೇಳತೈತಿ?”

‘ಹ್ಞಂ’ ಈ ಸಲ ಉದ್ದವಾಗಿ ಬಂತು. ರಬಕವಿಯ ಅಂಗಡಿಯಲ್ಲಿ ಅಷ್ಟು ಉದ್ದದ್ದು ಬಂದಿದ್ದರೆ ನೇಕಾರ ಸೀರೆಯನ್ನು ಅಲ್ಲಿಯೇ ಬಿಟ್ಟು ಹೋಗುತ್ತಿದ್ದ.

“ಮೂರ ಸಾವಿರದ ಮಟನ್ ಹೊಲಕ್ಕ ಚೆಲ್ಲಿದ್ಯೇನು, ಗೊಬ್ಬರಂತ ಬರಿಯಾಕ?”

ಅವನು ತಿಂದದ್ದು ಅವಳಿಗೆ ಏನೂ ಅನ್ನಿಸಲಿಲ್ಲ. ಊರಲ್ಲಿ ಯಾರು ಏನು ತಿನ್ನುತ್ತಾರೆಂಬುದನ್ನು ಖಾನಾವಳಿ, ಅಂಗಡಿಯ ಬಿಲ್ಲುಗಳಲ್ಲಿ ಓದಿ ಓದಿ ಅವಳಿಗೆ ಸಾಕಾಗಿತ್ತು. ಕೊಳಕೆನಿಸಿದ್ದು ಬೇರೆ. ಮೊದಲು ಆಳುಮಕ್ಕಳ ಬಾಯಿಗೆ ಒರೆಸಿದ, ಅದು ಆಗದಿದ್ದಾಗ ಹೊಲದ ಮಣ್ಣಿಗೆ ಒರೆಸಲು ಬಂದ. ಕೈ ತೊಳೆದುಕೊಳ್ಳುವುದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ತಯಾರಿದ್ದ.

ಅವಳು ಪಡಸಾಲೆಯಲ್ಲಿ ಕುಳಿತು ತಿದ್ದಿದ್ದು ಮಧ್ಯಾಹ್ನದವರೆಗೆ ನಡೆಯಿತು. ಖಾನಾವಳಿಯ ಖಾತೆಗಳನ್ನು ಒಂದೊಂದಾಗಿ ತೆಗೆದು ಹಾಕಿದಳು. ಬೆಂಡೆಯ ಗಿಡವೂ ಸುಣ್ಣವೂ ಎಣ್ಣೆಯೂ ‘ಪಾಕದ ಸಾಮಾನು’ ಎಂಬಲ್ಲಿ ಕೂಡಿದವು. ಗಿರಮಲ್ಲಪ್ಪನ ಹನ್ನೊಂದನ್ನು ಒಂದೊಂದಾಗಿ ತೆರೆದು, ಹೊಲದ ಹೆಸರು ಸಹಿತ ಗೊಬ್ಬರಕ್ಕೆ ಹಾಕಿದಳು. ಹನ್ನೆರಡನೆಯದನ್ನು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹಾಕಿದಳು: ‘ಈಶ್ವರ, ಸ್ವಂತ ಖರ್ಚು’. ಪಾಲುದಾರ ಘಟಕದ ರೊಕ್ಕದಲ್ಲಿ ತನ್ನ ಸ್ವಂತದ್ದಕ್ಕೆ ತೆಗೆದುಕೊಂಡರೆ ಅದು ಅವನ ಪಾಲಿನಲ್ಲಿ ಕಳೆಯುತ್ತದೆ. ಅದಕ್ಕಿಂತ ಹೆಚ್ಚಿಗೆ ಅಲ್ಲಿ ಬರೆಯಬೇಕಾದದ್ದು ಏನೂ ಇಲ್ಲ. ಒಮ್ಮೆ ನೋಡಿದ್ದನ್ನು ಎಲ್ಲ ಸಲಕ್ಕೂ ಹಚ್ಚುವ ಆ ಸಾಫ್ಟ್‌ವೇರಿನ ಶಾಣೇತನವನ್ನು ಮುಚ್ಚಿಬಿಟ್ಟಳು. ಕೊನೆಗೆ ತನ್ನ ಹೆಸರನ್ನು ಮುಸುರೆಯಿಂದ ಎತ್ತಿದಳು. ಎತ್ತುವ ಮುಂಚೆ ಬೆರಳು ಒಂದು ಕ್ಷಣ ತಡೆಯಿತು. ಬೆಳಗಿನಿಂದ ತಾನು ಮಾಡಿದ್ದೇನೆಂದು ನೋಡಿದರೆ ಆ ಹುಡುಗ ಅಷ್ಟೇನೂ ತಪ್ಪು ಹಾಕಿರಲಿಲ್ಲ.

ಹೊಸ ಪಟ್ಟಿಯನ್ನು ಈಶ್ವರನ ಪ್ರಿಂಟರು ಕೀರುತ್ತ ಹೊರಗೆ ತಳ್ಳಿತು. ಗುರುಬಸವ್ವ ಕನ್ನಡಕ ಹಾಕಿಕೊಂಡು ನಡುಮನೆಯಲ್ಲಿ ಕುಳಿತಳು. ಬಾಗಿಲಿಗೆ ಪ್ರೀತಿ, ಹೊಸ್ತಿಲಾಚೆ ಈಶ್ವರ.

“ಗೊಬ್ಬರ, ಕುರಿ ನಿಲ್ಲಿಸಿದ್ದು,” ಮುದುಕಿ ಬೆರಳಿಟ್ಟು ಓದಿದಳು, “ಎಪ್ಪತ್ತೊಂದ ಸಾವಿರದ ಐನೂರು. ಮಟನ್ ಎಲ್ಲೈತಿ?”

“ಇಲ್ಲ,” ಎಂದಳು ಗಂಗಾಂಬಿಕಾ. “ಅದು ಖಾನಾವಳಿ ಪಟ್ಟಿ. ಆ ಜಮಖಂಡಿ ಹುಡುಗ ತಂದ ಹಚ್ಚಿದ್ದು. ಎಲ್ಲಾ ತಗದೇನಿ.”

“ಹೌದ? ಅಯ್ಯ ಅವನ...” ಗುರುಬಸವ್ವನ ಮುಖ ಸಡಿಲಾಯಿತು. ಪ್ರೀತಿ ಆಗಲೇ ಪಡಸಾಲೆಯ ತಾಟನ್ನು ಎತ್ತಿಕೊಂಡು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದಳು.

“ತಡಿ,” ಎಂದಳು ಗುರುಬಸವ್ವ.

ಅವಳು ಹಳೆಯ ಕಾಗದವನ್ನು ಹೊಸದರ ಪಕ್ಕಕ್ಕೆ ಇಟ್ಟಳು. ತುಟಿಗಳು ಅಲುಗಿದವು, ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಓಡಿತು.

“ಮೊದಲ ಎಪ್ಪತ್ನಾಕ ಸಾವಿರದ ಏಳನೂರಿತ್ತು. ಮೂರ ಸಾವಿರದ ಇನ್ನೂರು ಎಲ್ಲಿ ಹೋತು?”

ಬೆಳಗಿನಿಂದ ಆ ಮನೆಯಲ್ಲಿ ಗಂಗಾಂಬಿಕಾ ಮೂಗು ಮುರಿಯದೆ ಕೇಳಿದ ಮೊದಲ ಮಾತು ಅದು. ಅವಳು ಕಾಗದದ ಕೆಳಗಿನ ಸಾಲನ್ನು ತೋರಿಸಿದಳು.

“ಈಶ್ವರ, ಸ್ವಂತ ಖರ್ಚು. ಅವರ ಪಾಲಿನಾಗ ಕಳದೈತಿ. ನಿಮ್ಮ ಪಾಲಿಗೆ ಮುಟ್ಟಿಲ್ಲ.”

“ಏನದು ಸ್ವಂತದ್ದು?”

“ಘಟಕದ ಲೆಕ್ಕದಾಗ ಅದನ್ನ ಬರಿಯಂಗಿಲ್ಲ, ನಾ ಹೇಳಂಗಿಲ್ಲ. ಸ್ವಂತದ್ದು ಅಂದ ಮ್ಯಾಲೆ ಅವರ ಸ್ವಂತ ಬಾಯಿಲೆ ಹೇಳಬೇಕು.”

ಎಲ್ಲರೂ ಹೊಸ್ತಿಲ ಕಡೆ ನೋಡಿದರು. ಈಶ್ವರ ಗಂಗಾಂಬಿಕಾಳನ್ನು ನೋಡಿದ. ಅವಳು ಬೆಲ್ಲದ ಡಬ್ಬಿಗಳನ್ನು ನೋಡುತ್ತಿದ್ದಳು. ಫೋನು ಕೆಟ್ಟಿತ್ತು ಎನ್ನಬಹುದಾಗಿತ್ತು, ಗಾಡಿಗೆ ಟಾಯರು ಎನ್ನಬಹುದಾಗಿತ್ತು. ತಾಟು ಪ್ರೀತಿಯ ಕೈಯಲ್ಲಿಯೇ ಇತ್ತು, ಅಡುಗೆಮನೆಗೆ ಇನ್ನು ನಾಲ್ಕು ಮಾರು.

“ತಿಂದೇನವ್ವಾ,” ಎಂದ. “ಒಂದ ಸಲ. ಶ್ರಾವಣ ಮುಗದ ಮ್ಯಾಲೆ. ಬೀಳಗಿ ಗೆಳೆಯಾರ ಜೋಡಿ.”

ಹಿತ್ತಲಲ್ಲಿ ಎಮ್ಮೆ ಒಮ್ಮೆ ಕೂಗಿತು. ಗುರುಬಸವ್ವ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಬಹಳ ಹೊತ್ತು ಒರೆಸಿದಳು.

“ಎಷ್ಟ ತಂದಿದ್ರಿ?”

“ನಾಕ ಕಿಲೋ.”

“ಎಷ್ಟ ಮಂದಿ?”

“ಐದ ಮಂದಿ.”

“ಐದ ಮಂದಿ ನಾಕ ಕಿಲೋ ತಿಂದ್ರಿ?” ಮುದುಕಿಯ ದನಿ ಏರಿತು. “ಮನುಷ್ಯಾರೇನ ನೀವು? ಅದಕ್ಕ ಅವತ್ತ ಸಂಜೀಕ ಬಂದ ಹೊಟ್ಟಿ ನೋವು ಅಂತ ಬಿದ್ದುಕೊಂಡಿದ್ದಿ. ನಾ ಓಂಕಾಳ ಕುದಿಸಿ ಕೊಟ್ಟೆ! ನನ್ನ ಕೈಲೆ!”

“ಹೂಂ ಅವ್ವಾ.”

“ರುಚಿನರೆ ಇತ್ತೇನು?”

“ಖಾರ ಭಾಳ ಇತ್ತವ್ವಾ.”

ಪ್ರೀತಿಯ ಕೈಯಲ್ಲಿದ್ದ ತಾಟು ಗಡಗಡ ನಡುಗಿತು. ಅವಳು ನಗುತ್ತಿದ್ದಳು. ಗುರುಬಸವ್ವ ಸೊಸೆಯನ್ನು ಒಮ್ಮೆ ನೋಡಿದಳು, ಮಗನನ್ನು ಒಮ್ಮೆ ನೋಡಿದಳು, ಮಡಚಿದ ಹಳೆಯ ಕಾಗದವನ್ನು ಒಲೆಗೆಂದು ಸೊಂಟಕ್ಕೆ ಸಿಗಿಸಿಕೊಂಡಳು.

“ಅರ್ಧಾ ವರ್ಷ ತಿಂದಾನ ಅಂತ ತಿಳದಿದ್ನಿ,” ಎಂದಳು, ಯಾರಿಗೂ ಅಲ್ಲದ ಹಾಗೆ. “ಒಂದ ಸಲ. ಅದೂ ಉಂಡ ದಕ್ಕಿಸ್ಕೊಳ್ಳಾಕ ಆಗಿಲ್ಲ.” ಆ ಮಾತಿನಲ್ಲಿದ್ದ ತಾತ್ಸಾರವನ್ನು ಕೇಳಿ ಗಂಗಾಂಬಿಕಾಳಿಗೆ ತನ್ನ ತಂದೆಯ ನೆನಪಾಯಿತು. “ಪ್ರೀತಿ, ಆ ತಾಟ ನಡುಮನಿ ಕಂಬದ ಹಂತ್ಯಾಕ ಇಡು. ಶಿವರಾತ್ರಿತನಕ ಅಲ್ಲೇ. ಒಳಗ ಬರೂದು ಆಮ್ಯಾಲೆ ನೋಡೂಣು. ಲೇ, ನೀ ಹೋಗಿ ಗಿರಮಲ್ಲಪ್ಪನ ಕರಕೊಂಡ ಬಾ. ಕೆಳಗಿನ ಹೊಲಕ್ಕ ಕುರಿ ನಿಲ್ಲಸಬೇಕು.”

“ಸೋಮವಾರ ಅವ ಬೀಳಗಿ ಕಡೆ ಹೊಂಡತಾನ,” ಎಂದಳು ಗಂಗಾಂಬಿಕಾ. “ನೀವ ಬದುವಿನ್ಯಾಗ ಅಂದದ್ದನ್ನ ಮರತಿಲ್ಲ. ಮಗನ್ನ ಕಳಿಸಿದ್ರ ಬರಂಗಿಲ್ಲ.”

ಮುದುಕಿ ಎದ್ದು, ಹೊಸ ಬೆಲ್ಲದ ಒಂದು ಅಚ್ಚನ್ನು ಸೆರಗಿನಲ್ಲಿ ಕಟ್ಟಿಕೊಂಡು, ಚಪ್ಪಲಿ ಹುಡುಕಿದಳು. “ಬಿಸಲ ತಣ್ಣಗಾಗಲಿ, ನಾನ ಹೋಗತೇನಿ. ಮೊದಲ ನೀವ ಉಣ್ರಿ.”

ಗಂಗಾಂಬಿಕಾಳಿಗೆ ಅಡುಗೆಮನೆಯಲ್ಲಿ ಒಲೆಯ ಮುಂದೆ ಮಣೆ ಹಾಕಿದರು. ಪ್ರೀತಿ ರೊಟ್ಟಿ ಬಡಿಯುತ್ತಿದ್ದಳು. ಹಂಚಿನಿಂದ ಎತ್ತಿದ ರೊಟ್ಟಿಯೊಂದು ಬಾಗಿಲು ದಾಟಿ ನಡುಮನೆಗೆ ಹೋಯಿತು. ಕಂಬದ ಹತ್ತಿರ ಕುಳಿತಿದ್ದ ಈಶ್ವರ ಅದನ್ನು ಮುರಿದ, ಉಗಿ ಬಂತು. ಬೆರಳು ಸುಟ್ಟಿತೆಂದು ಊದಿಕೊಂಡ, ಕಣ್ಣು ಮುಚ್ಚಿ ತುತ್ತು ಬಾಯಿಗಿಟ್ಟ. ಜಗತ್ತಿನ ದೊಡ್ಡ ವ್ಯಾಜ್ಯ ಗೆದ್ದು ಬಂದವನ ಹಾಗೆ ಅವನು ಅಗಿಯುವುದನ್ನು ಬಾಗಿಲಿನಿಂದ ನೋಡಿ ಗಂಗಾಂಬಿಕಾ ‘ಹ್ಞಂ’ ಎನ್ನಲು ಮೂಗೆತ್ತಿದಳು.

ಅಷ್ಟರಲ್ಲಿ ಅವಳ ಪಕ್ಕದಲ್ಲಿಯೇ, ಮಗನ ಕಡೆ ನೋಡುತ್ತ, ಗುರುಬಸವ್ವ ಅದನ್ನು ಹೇಳಿ ಮುಗಿಸಿದ್ದಳು. ಗಂಗಾಂಬಿಕಾ ಸುಮ್ಮನೆ ರೊಟ್ಟಿ ಮುರಿದಳು.